ಎಡೆದೊರೆ ನಾಡಿನಲ್ಲಿ ಇಮ್ಮಾನುವೇಲ್



ಕ್ರಿಸ್ತಜಯಂತಿಯ ದಿನಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಹೆಸರು ಇಮ್ಮಾನುವೇಲ್. ದೇವರು ನಮ್ಮೊಡನೆ ಇದ್ದಾರೆ ಎಂಬುದೇ ಅದರ ಅರ್ಥ. ಆದರೆ ಗಿಲ್ಲೆಸುಗೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವವರಿಗೆ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೆ ಈ ಮಾತನ್ನು ನಂಬುವುದು ಸುಲಭವಲ್ಲ. ದೇವರು ನಮ್ಮೊಡನೆ ಇರುವುದಕ್ಕೆ ಗುರುತೇನು? ಈ ಪ್ರಶ್ನೆಯನ್ನು ಹಿಡಿದು ನಮ್ಮ ನಾಡಿನ ಚರಿತ್ರೆಯ ಪುಟಗಳನ್ನು ತಿರುವಿ ನೋಡೋಣ.

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಪ್ರದೇಶಕ್ಕೆ ಎಡೆದೊರೆ ನಾಡು ಎಂಬ ಹಳೆಯ ಹೆಸರುಂಟು. ಈ ನೆಲಕ್ಕಾಗಿ ಅರಸರೂ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಂದಿಗೆ ನೆರವಾದನೆಂದು ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ ಬರೆದಿಟ್ಟಿದ್ದಾನೆ. ಗೋಡೆಯ ಮೇಲಿದ್ದವರಿಗೆ ಇವರು ಗುಂಡು ಹೊಡೆಯುತ್ತಿದ್ದರೆ, ಕೆಳಗಿದ್ದವರು ಗೋಡೆಯ ಕಲ್ಲುಗಳನ್ನು ಕೀಳುತ್ತಿದ್ದರು. ಕೋಟೆ ಬಿತ್ತು. ಹೆಸರಿನಲ್ಲಿ ಆ ಬಂದೂಕುಗಾರರು ಕ್ರೈಸ್ತರೇ. ಆದರೂ ಅವರ ಗುಂಡಿನ ಸದ್ದನ್ನು ದೇವರ ಸಾಮೀಪ್ಯದ ಗುರುತೆನ್ನಲು ನಮ್ಮಿಂದಾಗದು. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನಿಗೂ ಬಿರುಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರು ಸಿಗಲಿಲ್ಲ. ತರುವಾಯದ ಮೆಲುದನಿಯಲ್ಲಿ ಸಿಕ್ಕರು.

ಆ ಮೆಲುದನಿ ಎಡೆದೊರೆ ನಾಡಿನಲ್ಲೂ ಕೇಳಿಸಿತು. ನಮ್ಮ ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಭೆಯ ಮೂಲವನ್ನು ಹಳೆಯ ಗೆಜೆಟಿಯರುಗಳು 16ನೇ ಶತಮಾನದ ಗೋವೆಯ ಮಿಷನ್ನಿಗೆ ಸೇರಿಸುತ್ತವೆ. ಮುಂದಿನ ಶತಮಾನದಲ್ಲಿ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶವನ್ನು ಬರೆದರು. ಇವರು ಕೋಟೆ ಗೆಲ್ಲಲು ಬಂದವರಲ್ಲ. ಜನರ ಮಾತನ್ನು ಕಲಿತು ಜನರ ನಡುವೆ ಉಳಿದವರು. ಆದಿಲ್ ಶಾಹಿಗಳು ಹೋದರು, ಮೊಗಲರು ಹೋದರು, ನಿಜಾಮರ ಆಳ್ವಿಕೆಯೂ ಮುಗಿಯಿತು. 1956ರಲ್ಲಿ ರಾಯಚೂರು ಕನ್ನಡ ನಾಡನ್ನು ಸೇರಿತು. ಮುದಗಲ್ಲಿನ ಮನೆಗಳಲ್ಲಿ ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ತಾಯಿ ಮಗುವಿನ ಹಣೆಯ ಮೇಲೆ ಎಳೆದ ಶಿಲುಬೆಯ ಗುರುತು ಸಾಮ್ರಾಜ್ಯಗಳಿಗಿಂತ ಹೆಚ್ಚು ಕಾಲ ಬಾಳಿತು.

ನಮ್ಮ ಕಾಲದ ಚರಿತ್ರೆಯನ್ನೂ ನೋಡೋಣ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಳೆಗೆ ತುಂಗಭದ್ರೆ ಉಕ್ಕಿ ಹರಿದಳು. ಆಚೆ ದಡದ ಮಂತ್ರಾಲಯದೊಳಗೆ ನೀರು ನುಗ್ಗಿತು. ಈಚೆ ದಡದಲ್ಲಿ ಮನೆ, ಕಾಳು, ದನಕರು ಕಳೆದುಕೊಂಡವರು ಅನೇಕರು. ಇದು ದೇವರು ಕೊಟ್ಟ ಶಿಕ್ಷೆಯೆಂದು ಕೆಲವರು ಹೇಳುವುದುಂಟು. ನಾವು ಹಾಗೆ ಹೇಳಲಾರೆವು. ದೇವರ ಗುರುತನ್ನು ಹುಡುಕಬೇಕಾದದ್ದು ನೆರೆಯಲ್ಲಲ್ಲ; ಜಾತಿ ಮತ ಕೇಳದೆ ನೆರೆಮನೆಯವರು ಬಿಚ್ಚಿಕೊಟ್ಟ ಜೋಳದ ರೊಟ್ಟಿಯ ಗಂಟಿನಲ್ಲಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನೇ ನಂಬಿದ ಮಾನ್ವಿ, ರಾಯಚೂರಿನ ರೈತರ ಎದೆ ಧಸಕ್ಕೆಂದಿತು. ಹರಿಯುವ ನೀರಿನಲ್ಲೇ ಕಾರ್ಮಿಕರು ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದಲ್ಲಿ ಹರಿವನ್ನು ತಡೆದರು. ಅವರ ಹೆಸರು ನಮಗೆ ಗೊತ್ತಿಲ್ಲ. ಆದರೆ ನಮ್ಮ ತಟ್ಟೆಯ ಅನ್ನದಲ್ಲಿ ಅವರ ಬೆವರಿದೆ.

ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರಿಬ್ಬರು ಜೊತೆಗೆ ನಡೆದ ಪ್ರಭುವನ್ನು ಗುರುತಿಸಲಿಲ್ಲ. ರೊಟ್ಟಿ ಮುರಿದಾಗ ಗುರುತಿಸಿದರು. ಯಾರು ನಮ್ಮ ಬಳಿ ಬಂದು, ನಮ್ಮ ಮಾತನ್ನಾಡಿ, ತಮ್ಮ ರೊಟ್ಟಿಯನ್ನು ಹಂಚಿಕೊಂಡು ಉಳಿಯುತ್ತಾರೋ ಅಲ್ಲಿ ದೇವರ ಸಾಮೀಪ್ಯವಿದೆ. ಬೆತ್ಲೆಹೇಮಿನ ಕಂದನೂ ಬಂದದ್ದು ಹೀಗೆಯೇ. ಅರಮನೆಗಲ್ಲ, ದನದ ಕೊಟ್ಟಿಗೆಗೆ.

ಪ್ರಿಯರೇ, ಈ ಹಬ್ಬದಲ್ಲಿ ನಕ್ಷತ್ರದ ದೀಪವನ್ನು ತೂಗುಹಾಕುವುದರೊಂದಿಗೆ ಒಂದು ಕೆಲಸ ಮಾಡೋಣ. ನಮ್ಮ ಓಣಿಯಲ್ಲಿ ಗುಳೆ ಹೋದವರ ಮನೆ ಯಾವುದೆಂದು ನೋಡೋಣ. ಅಲ್ಲಿ ಉಳಿದ ಅಜ್ಜಿ ಮೊಮ್ಮಕ್ಕಳೊಡನೆ ಕುಳಿತು ಒಂದು ಹೊತ್ತು ಊಟ ಮಾಡೋಣ. ದೇವರು ನಮ್ಮೊಡನೆ ಇದ್ದಾರೆಂಬುದಕ್ಕೆ ಗುರುತನ್ನು ಹುಡುಕುವ ನಾವು, ಆ ಮನೆಗೆ ನಾವೇ ಗುರುತಾಗೋಣ.

ಬಾಲ ಯೇಸು ನಿಮ್ಮ ಕುಟುಂಬಗಳನ್ನು ಹರಸಲಿ. ಕ್ರಿಸ್ತಜಯಂತಿಯ ಶುಭಾಶಯಗಳು.