ಕೋಡು ಬೇರೆ, ಕೊಂಬು ಬೇರೆ

ಕಾರಹುಣ್ಣಿಮೆಯ ಬೆಳಗು. ತಾಜಸುಲ್ತಾನಪುರದ ಒಂದು ಮನೆಯ ಅಂಗಳದಲ್ಲಿ ಮುತ್ಯಾ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ಬುಡಕ್ಕೆ ಕೆಂಪು, ತುದಿಗೆ ಹಸಿರು. ಹಸಿ ಬಣ್ಣದ ಕೆಳಗೆ ಕೋಡಿನ ಬಳೆಬಳೆ ಗೆರೆ ಇನ್ನೂ ಕಾಣುತ್ತಿತ್ತು. ಡಬ್ಬಿ ಹಿಡಿದು ನಿಂತ ಮೊಮ್ಮಗ ಕೇಳಿದ: “ಮುತ್ಯಾ, ಇವು ಉದುರಿ ಮತ್ತ ಬರ್ತಾವೇನು?”

“ಹುಚ್ಚಪ್ಪಾ, ಕ್ವಾಡ ಏನ್ ಗಿಡದ ಟೊಂಗಿ ಏನೋ, ಮತ್ತ ಚಿಗಿಲಕ? ಮುರೀತಂದ್ರ ಮುಗೀತು.”

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಟೊಂಗೆಯ ಹಾಗೆ ಚಿಗುರುವುದೂ ಒಂದಿದೆ. ಅದಕ್ಕೆ ಒಪ್ಪುವ ಮಾತು ಕನ್ನಡದಲ್ಲೇ ಇದೆ: ಕೊಂಬು. ನಮ್ಮ ಕಡೆ ಮರದ ಕವಲಿಗೆ ಟೊಂಗಿ ಅನ್ನುತ್ತೇವೆ. ಕೊಂಬೆ ಎಂಬುದು ಪುಸ್ತಕದ ಮಾತು. ಕೊಂಬು, ಕೊಂಬೆ ಒಂದೇ ಬೇರಿನವು; ತಮಿಳಿನಲ್ಲಿ ಇಂದಿಗೂ ಕೊಂಬು ಅಂದರೆ ಮರದ ಕವಲೂ ಹೌದು, ಪ್ರಾಣಿಯ ಕೊಂಬೂ ಹೌದು. ಜಾತ್ರೆಯಲ್ಲಿ ಊದುವ ಲೋಹದ ವಾದ್ಯವೂ ಕೊಂಬೇ. ಕಾಗುಣಿತದಲ್ಲಿ ‘ಕ’ಕ್ಕೆ ಕೊಂಬು ಕೊಟ್ಟರೆ ‘ಕು’. ಅಕ್ಷರದ ಬಲಕ್ಕೆ ಬಾಗಿ ಏಳುವ ಆ ಗೆರೆಯನ್ನು ಪಾಟಿಯ ಮೇಲೆ ತಿದ್ದದ ಮಗುವಿಲ್ಲ.

ಎತ್ತಿನ ತಲೆಯ ಮೇಲಿನದಕ್ಕೆ ಒಳಗೆ ಎಲುಬಿನ ತಿರುಳು, ಹೊರಗೆ ಉಗುರಿನಂಥ ಕವಚ. ಜೀವ ಇರುವತನಕ ಬೆಳೆಯುತ್ತದೆ, ಉದುರುವುದಿಲ್ಲ. ತೊಗರಿ ಹೊಲಕ್ಕೆ ನುಗ್ಗುವ ಚಿಗರಿಯ ತಿರುಚುಗೋಡೂ ಹಾಗೇ; ಅದಕ್ಕೆ ಕವಲೂ ಇಲ್ಲ. ಕಡವೆಯದು ಬೇರೆ ಕಥೆ. ಅದು ಬರೀ ಎಲುಬು. ನೆತ್ತರು ಹರಿಯುವ ತುಪ್ಪಳದ ಚರ್ಮ ಹೊದ್ದು ಬೆಳೆದು ಕವಲೊಡೆಯುತ್ತದೆ; ಆಮೇಲೆ ಚರ್ಮ ಒಣಗುತ್ತದೆ, ಕಡವೆ ಅದನ್ನು ಮರಕ್ಕೆ ಉಜ್ಜಿ ಕಿತ್ತೊಗೆಯುತ್ತದೆ; ಕಾಲ ಬಂದಾಗ ಕೊಂಬೂ ಕಳಚಿ ಬಿದ್ದು ಹೊಸದು ಮೊಳೆಯುತ್ತದೆ. ಮೊದಲನೆಯದನ್ನು ಕೋಡು, ಎರಡನೆಯದನ್ನು ಕೊಂಬು ಅಂತ ನಮ್ಮ ಪಠ್ಯಪುಸ್ತಕಗಳು ಬೇರೆ ಮಾಡಿ ಬರೆಯಲಿ ಎಂಬುದು ನನ್ನ ಆಸೆ. ಈಗ ಎರಡಕ್ಕೂ ಎರಡನ್ನೂ ಬಳಸುತ್ತೇವೆ. ಎರಡು ಒಳ್ಳೆಯ ಮಾತುಗಳಿದ್ದೂ ಒಂದರ ಕೆಲಸವನ್ನೇ ಮಾಡಿಸಿದಂತಾಗಿದೆ.

ಕೊಂಬು ಎಂಬ ಮಾತಿಗೆ ಮೈತುಂಬ ಅರ್ಥ ಕೊಟ್ಟ ಮೃಗ ದಖ್ಖನ್ನಿನದಲ್ಲ. ವಿಜ್ಞಾನಿಗಳು ಅದಕ್ಕೆ ಮೆಗಾಲೊಸೆರೋಸ್ ಎನ್ನುತ್ತಾರೆ. ಗ್ರೀಕಿನಲ್ಲಿ ‘ದೊಡ್ಡ ಕೊಂಬು’. ಇಂಗ್ಲಿಷರ ಬಾಯಲ್ಲಿ ಅದು ಐರಿಷ್ ಎಲ್ಕ್, ಆದರೆ ಆ ಹೆಸರಿನ ಎರಡು ಪದವೂ ತಪ್ಪು. ಐರ್ಲೆಂಡಿನ ಜೌಗಿನಲ್ಲಿ ಎಲುಬು ಹೆಚ್ಚಾಗಿ ಸಿಕ್ಕವು ನಿಜ, ಆದರೆ ಅದು ಸೈಬೀರಿಯಾದವರೆಗೂ ಓಡಾಡಿದ್ದು. ಎಲ್ಕ್ ಜಾತಿಯದೂ ಅಲ್ಲ. ಈಗ ಬದುಕಿರುವವುಗಳಲ್ಲಿ ಅದಕ್ಕೆ ಹತ್ತಿರದ ನಂಟು ಮೈಮೇಲೆ ಚುಕ್ಕಿಯಿರುವ ಫ್ಯಾಲೋ ಜಿಂಕೆ. ಭುಜದ ಎತ್ತರ ಸುಮಾರು 2 ಮೀಟರ್. ಕೊಂಬಿನ ತುದಿಯಿಂದ ತುದಿಗೆ 3.6 ಮೀಟರ್‌ವರೆಗೆ, ಅಂದರೆ 12 ಅಡಿ. ತೂಕ 40 ಕಿಲೋದಷ್ಟು. ಇಷ್ಟನ್ನೂ ಗಂಡು ಪ್ರತಿ ವರ್ಷ ಉದುರಿಸಿ ಮತ್ತೆ ಬೆಳೆಸುತ್ತಿತ್ತು. ಬೆಳೆಸುವಾಗ ತನ್ನ ಎಲುಬಿನ ಸುಣ್ಣದಂಶವನ್ನೇ ಕರಗಿಸಿ ಕೊಂಬಿಗೆ ಏರಿಸಬೇಕು. ಇದನ್ನು ಮೊದಲ ಸಲ ಓದಿದಾಗ ಆ ಮೃಗದ ಮೇಲೆ ಕರುಳು ಚುರುಕ್ಕೆಂದಿತು. ಸುಮಾರು 7,700 ವರ್ಷಗಳ ಹಿಂದಿನವರೆಗೂ ಸೈಬೀರಿಯಾದ ಕಡೆ ಕೆಲವು ಉಳಿದಿದ್ದವು.

ಹಿರಿದು, ಕೊಂಬು ಸೇರಿಸಿ ನಾನು ಅದನ್ನು ‘ಹೆಗ್ಗೊಂಬ’ ಎಂದು ಕರೆಯುತ್ತೇನೆ. ಹೆಬ್ಬುಲಿ, ಹೆಬ್ಬಾವಿನ ಸಾಲಿನಲ್ಲಿ ಅದು ಸರಿಯಾಗಿ ಕೂಡುತ್ತದೆ. ಅವತ್ತು ಆ ಹುಡುಗನಿಗೂ ಹೇಳಿದೆ. ಅವನು ಡಬ್ಬಿ ಕೆಳಗಿಟ್ಟು, ಬಣ್ಣ ಹತ್ತಿದ ಎರಡೂ ಕೈ ಚಾಚಿ ನಿಂತು, “ಇಷ್ಟು?” ಅಂದ. ಮುತ್ಯಾ ಅವನ ತಮ್ಮನನ್ನೂ ತಂಗಿಯನ್ನೂ ಕೂಗಿ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದರು.