ಶಿಲೆಯ ಶುದ್ಧಿಯೂ ಸಂಯಮವೂ

ಮೂರ್ತಿಯ ಕೊಳೆಯನ್ನು ಕಳೆಯುವುದು ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಳೆ ಎಲ್ಲಿ ಮುಗಿದು ಶಿಲೆ ಎಲ್ಲಿ ಆರಂಭವಾಗುತ್ತದೆಂಬ ವಿವೇಕವಿಲ್ಲದಿದ್ದರೆ ಶುದ್ಧಿಯೇ ಹಾನಿಯಾಗಿ ಪರಿಣಮಿಸುತ್ತದೆ. ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿರುವ ದಾವೀದನ ಮೂರ್ತಿಯ ಚರಿತ್ರೆಯು ಈ ಮಾತಿಗೆ ನಿದರ್ಶನವಾಗಿದೆ.

ಮೈಕೆಲೇಂಜೆಲೋ ಕಡೆದ ಈ ಅಮೃತಶಿಲೆಯ ಮೂರ್ತಿಯು ಐದು ಮೀಟರಿಗಿಂತಲೂ ಎತ್ತರವಾದುದು. 1504ರಲ್ಲಿ ನಗರದ ಆಡಳಿತ ಭವನದ ಮುಂದೆ ಸ್ಥಾಪಿತವಾದ ಅದು 1873ರವರೆಗೂ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಯಲಿನಲ್ಲಿಯೇ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದರ ರಕ್ಷಣೆಗೆಂದು ಮೇಣವನ್ನು ಲೇಪಿಸಿದರು. 1843ರಲ್ಲಿ ಅರಿಸ್ತೋದೆಮೋ ಕೊಸ್ತೋಲಿ ಎಂಬ ಶಿಲ್ಪಿಯು ಅದನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಶುಚಿಗೊಳಿಸಿದನು. ಅಮೃತಶಿಲೆಯು ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲ ಸೋಕಿದೊಡನೆ ಅದು ನೊರೆಯುಕ್ಕಿ ಕರಗುತ್ತದೆ. ಹೀಗಾಗಿ ಮೇಣ ಮತ್ತು ಕೊಳೆಗಳೊಂದಿಗೆ ಮೈಕೆಲೇಂಜೆಲೋ ನಯಗೊಳಿಸಿದ್ದ ಹೊರಮೈಯೂ ಸವೆದುಹೋಯಿತು. ಒರಟಾದ ಶಿಲೆಯು ಧೂಳಿಗೆ ಇನ್ನಷ್ಟು ಆಶ್ರಯವಾಯಿತು.

2003ರಲ್ಲಿ ಪುನಃ ಶುದ್ಧಿಯ ಪ್ರಶ್ನೆ ಉದ್ಭವಿಸಿತು. ಸಂರಕ್ಷಣಾ ತಜ್ಞೆ ಆಗ್ನೆಸೆ ಪರ್ರೋಂಕಿಯವರು ಒಣ ಕುಂಚ, ಹತ್ತಿಗಳನ್ನೇ ಬಳಸಬೇಕೆಂದರು. ಅಧಿಕಾರಿಗಳು ಭಟ್ಟಿಯಿಳಿಸಿದ ನೀರಿನ ಲೇಪವೇ ಯೋಗ್ಯವೆಂದರು. ಪರ್ರೋಂಕಿಯವರು ಹೊಣೆಯನ್ನು ತ್ಯಜಿಸಿದರು. ಚಿಂಜಿಯಾ ಪಾರ್ನಿಗೋನಿಯವರು ಅದನ್ನು ವಹಿಸಿಕೊಂಡು 2004ರಲ್ಲಿ ಪೂರೈಸಿದರು. ಗಂಧಕಾಂಶವುಳ್ಳ ಗಾಳಿಯಿಂದ ಶಿಲೆಯ ಮೇಲೆ ಜಿಪ್ಸಮ್ ಉಂಟಾಗಿ ಕೊಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಿನಲ್ಲಿ ತೋಯಿಸಿದ ನಾರು ಮತ್ತು ಜೇಡಿಯ ಲೇಪವು ಅದನ್ನು ಮೆಲ್ಲನೆ ಹೀರಿಕೊಳ್ಳುತ್ತದೆ. ವಿಧಾನದಲ್ಲಿ ಭೇದವಿದ್ದರೂ ಮೂರ್ತಿಯನ್ನು ಹೊಸದರಂತೆ ಬೆಳಗಿಸುವುದು ಎರಡು ಪಕ್ಷಗಳ ಉದ್ದೇಶವೂ ಆಗಿರಲಿಲ್ಲವೆಂಬುದು ಗಮನಾರ್ಹ.

ಅಮೃತಶಿಲೆಯ ಬಿಂಬಗಳುಳ್ಳ ಜಿನಮಂದಿರಗಳ ವಿಶ್ವಸ್ತರು ಇದನ್ನು ಮನನ ಮಾಡಬೇಕು. ಹಿತ್ತಾಳೆಯನ್ನು ಬೆಳಗುವ ಹುಣಸೆಹಣ್ಣು, ನಿಂಬೆರಸಗಳು ಕೂಡ ಆಮ್ಲಗಳೇ. ಅವು ಅಮೃತಶಿಲೆಗೆ ಸಲ್ಲವು. ಉತ್ಸವ ಸಮೀಪಿಸಿತೆಂಬ ಅವಸರದಲ್ಲಿ ಬಿಂಬವನ್ನು ಉಜ್ಜಿಸುವ ಮೊದಲು ಅದರ ಸ್ಥಿತಿಯ ಛಾಯಾಚಿತ್ರ ತೆಗೆಸಿ, ಸಂರಕ್ಷಣಾ ತಜ್ಞರ ಅಭಿಪ್ರಾಯವನ್ನು ಪಡೆದು, ಮಾಡಿದ ಕೆಲಸವನ್ನು ದಾಖಲೆಯಲ್ಲಿ ಬರೆದಿಡುವುದು ಲೇಸು. ವ್ಯಾಪಾರದಲ್ಲಿ ಕಳೆದ ಹಣವನ್ನು ಮರಳಿ ಗಳಿಸಬಹುದು. ಕರಗಿದ ಶಿಲೆಯನ್ನು ಮರಳಿ ತರಲಾಗದು. ಹಿರಿಯರು ನಮ್ಮ ಕೈಗಿತ್ತ ಬಿಂಬವನ್ನು ಮುಂದಿನವರಿಗೆ ಸವೆಯದಂತೆ ಒಪ್ಪಿಸುವುದು ವಿಶ್ವಸ್ತರಾದವರ ಕರ್ತವ್ಯ.