ನೆತ್ತರುಗೊಡಗೆಯಿಂದ ಪಿಂಚಣಿ ಅರ್ಜಿಯವರೆಗೆ

ನನ್ನ ತರಗತಿಯಲ್ಲಿ ಇತಿಹಾಸ ಕಲಿತವರಿಗೆ ವೀರಗಲ್ಲಿನ ಪಾಠ ನೆನಪಿರಬಹುದು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತಿತ್ತು; ಶಾಸನಗಳು ಅಲ್ಲಿಗೆ ನಿಲ್ಲುವುದಿಲ್ಲ. ಮಡಿದವನ ಮನೆಯವರಿಗೆ ಏನು ಕೊಟ್ಟರೆಂಬುದನ್ನೂ ಅನೇಕ ಶಾಸನಗಳು ಹೇಳುತ್ತವೆ. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಪದಗಳೆಲ್ಲ ವೀರರ ಸೇವೆಗಾಗಿ ಬಿಟ್ಟುಕೊಟ್ಟ ಭೂಮಿಯ ಹೆಸರುಗಳು. ಕ್ರಿ.ಶ. 900ರ ಸುಮಾರಿನ ಬೇಗೂರು ಶಾಸನದಲ್ಲಿ (ಇದು ಬೆಂಗಳೂರಿನ ಬಳಿಯ ಬೇಗೂರು, ನಮ್ಮ ಗುಂಡ್ಲುಪೇಟೆ ತಾಲ್ಲೂಕಿನದಲ್ಲ) ನಾಗತ್ತರನು ಕಾಳಗದಲ್ಲಿ ಮಡಿದ ಮೇಲೆ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರ ಪದವಿಯನ್ನೂ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿಯೂ ಕೊಟ್ಟ ವಿವರವಿದೆ. ಅಂದರೆ ವೀರಗಲ್ಲು ಪೂಜೆಯ ಕಲ್ಲು ಮಾತ್ರವಲ್ಲ, ದಾಖಲೆಯ ಪತ್ರವೂ ಹೌದು. ಊರ ಮುಂದೆ ನಿಂತ ಆ ಪತ್ರವನ್ನು ಯಾರೂ ಕಳೆಯುವಂತಿರಲಿಲ್ಲ.

ಕಾಲ ಬದಲಾದಂತೆ ಕ್ರಮವೂ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ ಕಂದಾಚಾರವೆಂಬ ಪಡೆಯಿತ್ತು. ಆ ಪಡೆಯವರು ಶಾಂತಿಕಾಲದಲ್ಲಿ ಊರಿನ ಕಾವಲುಗಾರರು, ಯುದ್ಧಕಾಲದಲ್ಲಿ ಸೈನಿಕರು. ಅವರ ಸಂಬಳದಲ್ಲಿ ಒಂದು ಭಾಗ ನಗದು, ಒಂದು ಭಾಗ ಭೂಮಿ. ಆನಂತರ ಬಂದ ಸಂಸ್ಥಾನದ ಸೇನೆಯಲ್ಲಿ ಸಿಪಾಯಿಗೆ ಭೂಮಿ ಹೋಗಿ ಕಾಗದ ಬಂತು. ಹೆಸರು, ನಂಬರು, ಸೇರಿದ ತಾರೀಖು, ಬಿಟ್ಟ ತಾರೀಖು. ಅಲ್ಲಿಂದ ಮುಂದೆ ಸೈನಿಕನ ಬದುಕು ಆ ಕಾಗದದ ಮೇಲೆ ನಿಂತಿತು.

ನಮ್ಮ ಮೈಸೂರು ಸೇನೆಯ ಸಾಹಸವೆಂದರೆ ಎಲ್ಲರೂ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದಲ್ಲಿ ಮೈಸೂರು ಲ್ಯಾನ್ಸರ್ಸ್ ತೋರಿದ ಪರಾಕ್ರಮವನ್ನು ನೆನೆಯುತ್ತಾರೆ. ಅದು ನೆನೆಯತಕ್ಕದ್ದೇ. ಆದರೆ ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಒಂದನೆಯ ಪಟಾಲಂ ಸಿಂಗಪುರದಲ್ಲಿತ್ತೆಂಬುದು ನಮ್ಮ ಜಿಲ್ಲೆಯಲ್ಲಿಯೇ ಹಲವರಿಗೆ ತಿಳಿಯದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾಯಿತು. ಎರಡು ದಿನಗಳ ನಂತರ ಸಾವಿರಾರು ಭಾರತೀಯ ಸೈನಿಕರನ್ನು ಫ್ಯಾರರ್ ಪಾರ್ಕಿನಲ್ಲಿ ಒಟ್ಟುಗೂಡಿಸಿ ಜಪಾನೀಯರ ವಶಕ್ಕೆ ಒಪ್ಪಿಸಲಾಯಿತು. ಅಲ್ಲಿಯೇ ಕ್ಯಾಪ್ಟನ್ ಮೋಹನ್ ಸಿಂಗ್ ಅವರು ಆಜಾದ್ ಹಿಂದ್ ಫೌಜಿಗೆ ಸೇರುವಂತೆ ಕರೆಯಿತ್ತರು. ಕೆಲವರು ಸೇರಿದರು, ಕೆಲವರು ಸೇರಲಿಲ್ಲ. ಸೇರದವರಲ್ಲಿ ಅನೇಕರನ್ನು ನ್ಯೂಗಿನಿಯಂಥ ದೂರದ ದ್ವೀಪಗಳಿಗೆ ಕೂಲಿಗೆಂದು ಸಾಗಿಸಿದರು. ಹಸಿವು, ಮಲೇರಿಯಾ, ಹೊಡೆತಗಳಿಂದ ಬಹಳ ಜನ ಮಡಿದರು. ಸೇರಿದವರು ನೇತಾಜಿಯವರ ನಾಯಕತ್ವದಲ್ಲಿ 1944ರಲ್ಲಿ ಇಂಫಾಲದ ಕಾಡುಗಳಲ್ಲಿ ಹೋರಾಡಿ ಹಾಗೆಯೇ ಹಸಿದು ಸತ್ತರು. ಒಂದೇ ಬ್ಯಾರಕ್ಕಿನ ಇಬ್ಬರು ಗೆಳೆಯರು ಎರಡು ದಾರಿ ಹಿಡಿದ ಕಾಲವದು.

ಸುಮಾರು 30 ವರ್ಷಗಳ ಹಿಂದೆ, ನಾನು ಗುಂಡ್ಲುಪೇಟೆ ಕಡೆ ಕೆಲಸದಲ್ಲಿದ್ದಾಗ, ನನ್ನ ವಿದ್ಯಾರ್ಥಿಯೊಬ್ಬನ ಅಜ್ಜ ಅರ್ಜಿ ಬರೆಸಲು ನಮ್ಮ ಮನೆಗೆ ಬಂದಿದ್ದರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯುವುದು ಆಗ ಮೇಷ್ಟ್ರ ಕೆಲಸಗಳಲ್ಲೊಂದು. ಎಪ್ಪತ್ತು ದಾಟಿದ ಆ ಹಿರಿಯರು 1940ರಲ್ಲಿ ಮೈಸೂರು ಪಟಾಲಮಿಗೆ ಸೇರಿ, ಸಿಂಗಪುರದಲ್ಲಿ ಸೆರೆ ಸಿಕ್ಕಿ, 1946ರಲ್ಲಿ ಊರಿಗೆ ಮರಳಿದವರು. ಆರು ವರ್ಷದ ಸೇವೆ. ಅದರಲ್ಲಿ ಮೂರೂವರೆ ವರ್ಷ ಸೆರೆವಾಸ. ಸಾಮಾನ್ಯ ಸಿಪಾಯಿಯ ಸೇವಾಪಿಂಚಣಿಗೆ 15 ವರ್ಷದ ಸೇವೆ ಬೇಕು. ಯುದ್ಧಕಾಲದಲ್ಲಿ 2 ಲಕ್ಷದಿಂದ 25 ಲಕ್ಷಕ್ಕೆ ಬೆಳೆದ ಭಾರತೀಯ ಸೇನೆಯಿಂದ, ಯುದ್ಧ ಮುಗಿದೊಡನೆ ಲಕ್ಷಾಂತರ ಜನರನ್ನು ಹೀಗೆಯೇ ಮನೆಗೆ ಕಳಿಸಲಾಗಿತ್ತು.

ಅದೇ ಪಟಾಲಮಿನ ಅವರ ಗೆಳೆಯರೊಬ್ಬರು ಫೌಜಿಗೆ ಸೇರಿದ್ದವರು. ಸ್ವಾತಂತ್ರ್ಯದ ರಜತೋತ್ಸವದ ನೆನಪಿಗೆ 1972ರ ಆಗಸ್ಟ್ 15ರಂದು ಆರಂಭವಾದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಅವರಿಗೆ ದೊರೆತಿತ್ತು. ಆರಂಭದಲ್ಲಿ ತಿಂಗಳಿಗೆ 200 ರೂಪಾಯಿ. ಆದಾಯದ ಮಿತಿ ವರ್ಷಕ್ಕೆ 5,000 ರೂಪಾಯಿ. 1980ರಲ್ಲಿ ಮಿತಿ ತೆಗೆದು ಯೋಜನೆಗೆ ಸಮ್ಮಾನ್ ಎಂಬ ಹೆಸರನ್ನಿಟ್ಟರು. ಸಾಮಾನ್ಯ ನಿಯಮದಂತೆ ಆರು ತಿಂಗಳ ಸೆರೆವಾಸ ಬೇಕು, ಮಹಿಳೆಯರಿಗೂ ಪರಿಶಿಷ್ಟರಿಗೂ ಮೂರು ತಿಂಗಳು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗೆ ಸೆರೆಯಲ್ಲಿದ್ದವರ ಪ್ರಮಾಣಪತ್ರ ತರಬಹುದಿತ್ತು.

ಈ ಕೊನೆಯ ಸಾಲನ್ನು ಹಿಡಿದುಕೊಂಡು ಊರಿನ ಮಧ್ಯವರ್ತಿಯೊಬ್ಬ ಅಜ್ಜನ ಹಿಂದೆ ಬಿದ್ದಿದ್ದ. "ನೀವೂ ಫೌಜಿಗೆ ಸೇರಿದ್ದಿರಿ ಎಂದು ಬರೆಸಿ, ಸಹಿ ಹಾಕುವವರನ್ನು ನಾನು ತರುತ್ತೇನೆ" ಎಂದಿದ್ದನಂತೆ. ಅಜ್ಜ ನನ್ನೆದುರು ತಲೆಯಾಡಿಸಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಾ ಸೇರ್ನಿಲ್ಲ ಮೇಷ್ಟ್ರೇ. ಸೇರ್ದೆ ಅಂತ ಯಾಕ ಸುಳ್ಳ ಬರ್ಸಲಿ? ಸೇರ್ದವ್ನು ನನ್ ಗೆಣಕಾರ, ಅವ್ನ ಪಾಲ್ನ ನಾ ಯಾಕ ಕದಿಯಾನ?"

ನಾವು ಇದ್ದದ್ದನ್ನು ಇದ್ದಂತೆ ಬರೆದು, ಮಾಜಿ ಸೈನಿಕರ ನೆರವಿಗಾಗಿ ಅರ್ಜಿ ಹಾಕಿದೆವು. ಡಿಸ್ಚಾರ್ಜ್ ಕಾಗದವನ್ನು ಗೆದ್ದಲು ತಿಂದಿತ್ತು. ಉಳಿದದ್ದು ನಂಬರಿನ ಅರ್ಧ ಮಾತ್ರ. ಒಂದು ಕಚೇರಿ ಮತ್ತೊಂದು ಕಚೇರಿಯನ್ನು ತೋರಿಸಿತು. ಸಂಸ್ಥಾನದ ಸೇನೆ ಭಾರತೀಯ ಸೇನೆಯಲ್ಲಿ ವಿಲೀನವಾಗಿ, ಮೈಸೂರು ಇನ್‌ಫೆಂಟ್ರಿಯು ಮದ್ರಾಸ್ ರೆಜಿಮೆಂಟಿನ 18ನೆಯ ಪಟಾಲಮಾಗಿ, ಲ್ಯಾನ್ಸರ್ಸ್ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋಗಿ ಅಷ್ಟರಲ್ಲಿ 40 ವರ್ಷಗಳೇ ಕಳೆದಿದ್ದವು. ಕೊನೆಗೆ ಅವರ ಸೇವೆಗೆ ಸಾಕ್ಷಿ ನುಡಿದವರು ಅದೇ ಗೆಳೆಯರು. "ಇವನು ನಮ್ಮೊಡನೆ ಬರಲಿಲ್ಲ, ಆದರೆ ನನ್ನ ಪಕ್ಕದಲ್ಲೇ ಸೆರೆ ಸಿಕ್ಕವನು" ಎಂದು ಬರೆಸಿ ಹೆಬ್ಬೆಟ್ಟು ಒತ್ತಿದರು. ಎರಡು ವರ್ಷಗಳ ನಂತರ ಸಣ್ಣದೊಂದು ಮಾಸಿಕ ನೆರವು ಬಂತು. ಗೆಳೆಯರ ಪಿಂಚಣಿಯ ಮುಂದೆ ಅದು ಏನೂ ಅಲ್ಲ. ಅಜ್ಜ ಅದನ್ನು ಒಮ್ಮೆಯೂ ಹೋಲಿಸಿ ಮಾತನಾಡಲಿಲ್ಲ.

ಇಂಥ ಪಿಂಚಣಿಗಳ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಸ್ವಾತಂತ್ರ್ಯ ಹೋರಾಟಗಾರರ ಅರ್ಜಿಯನ್ನು ತಡವಾಯಿತೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು 1993ರಲ್ಲಿ ಮುಕುಂದಲಾಲ್ ಭಂಡಾರಿ ಪ್ರಕರಣದಲ್ಲಿಯೂ, ಅರ್ಧ ಶತಮಾನದ ಹಿಂದಿನ ಸಂಗತಿಗೆ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಾದ ಸಾಕ್ಷ್ಯ ಕೇಳಬಾರದೆಂದು 2001ರಲ್ಲಿ ಗುರುದಯಾಳ್ ಸಿಂಗ್ ಪ್ರಕರಣದಲ್ಲಿಯೂ ನ್ಯಾಯಾಲಯ ಹೇಳಿತು. ಇದು ಸರಿಯಾದ ಮಾತು. ಆದರೆ ಸುಳ್ಳು ಪ್ರಮಾಣಪತ್ರಗಳು ಹೆಚ್ಚಿದಷ್ಟೂ ಕಚೇರಿಗಳ ಅನುಮಾನ ಹೆಚ್ಚುತ್ತದೆ, ಆ ಅನುಮಾನದ ಭಾರ ನಿಜ ಹೇಳುವವನ ಹೆಗಲಿಗೇ ಬೀಳುತ್ತದೆ.

ಫೌಜಿಗೆ ಸೇರಿದವರು ದೇಶಕ್ಕಾಗಿ ಕೊಟ್ಟದ್ದು ದೊಡ್ಡದು; ಅವರಿಗೆ ಸಂದ ಗೌರವ ನ್ಯಾಯವಾದದ್ದು. ಆದರೆ ಕೊಟ್ಟ ಮಾತಿಗೆ ನಿಂತು ಸೆರೆಯಲ್ಲಿ ಸವೆದವನನ್ನು ಯಾವ ಪಟ್ಟಿಗೂ ಸೇರಿಸದೆ ಬಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಬೇಗೂರಿನ ಕಲ್ಲು ಕೆತ್ತಿಸಿದವರು ಆ ಮಟ್ಟಿಗೆ ನಮಗಿಂತ ಸರಳವಾಗಿ ಯೋಚಿಸಿದ್ದರು: ಯುದ್ಧಕ್ಕೆ ಕಳಿಸಿದವರೇ ಮನೆಯ ಅನ್ನಕ್ಕೂ ಹೊಣೆ.

ಪ್ರಿಯ ಶಿಷ್ಯರೇ, ಬಂಧುಗಳೇ, ಆ ತಲೆಮಾರಿನ ಹಿರಿಯರು ಬಹುತೇಕ ಇಲ್ಲವಾಗಿದ್ದಾರೆ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ ತಾತನ ಡಿಸ್ಚಾರ್ಜ್ ಕಾಗದವೋ ಪದಕವೋ ಇದ್ದರೆ ದಯವಿಟ್ಟು ಪಾತ್ರೆಯವನಿಗೆ ಹಾಕಬೇಡಿ. ಅದರ ಒಂದು ಚಿತ್ರ ತೆಗೆದಿಟ್ಟು, ಹೆಸರು, ನಂಬರು, ಪಟಾಲಮುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಕ್ಕಳಿಗೆ ಓದಿ ಹೇಳಿ.